ಗುರಿಯಣ್ಣನ ಹೆಬ್ಬೆರಳು

ಟ್ರಂಕು ಮಾಡುವವರ ಓಣಿಯಲ್ಲಿ ಗುಟ್ಟು ಎಂಬುದು ಬಾಳುತ್ತಿರಲಿಲ್ಲ. ಬಾಳುವುದಾದರೂ ಹೇಗೆ? ಎರಡೂ ಬದಿಗೆ ಅಂಗಡಿ, ಪ್ರತಿ ಅಂಗಡಿಯಲ್ಲೂ ಬೆಳಗಿನಿಂದ ಸಂಜೆಯ ತನಕ ತಗಡಿನ ಮೇಲೆ ಸುತ್ತಿಗೆ. ಗಂಡನಾದವನು ಹೆಂಡತಿಯ ಕಿವಿಯಲ್ಲಿ ಏನಾದರೂ ಪಿಸುಗುಟ್ಟಬೇಕೆಂದರೆ ಪಕ್ಕದ ಓಣಿಯವರು ಉತ್ತರ ಕೊಡುವಷ್ಟು ಜೋರಾಗಿ ಪಿಸುಗುಟ್ಟಬೇಕು. ಆ ಓಣಿಯ ಮೇಲೆ ಹಾರುವ ಕಾಗೆಗಳು ಸದ್ದು ತಾಳಲಾರದೆ ರೆಕ್ಕೆ ಎತ್ತಿ ಕಿವಿ ಮುಚ್ಚಿಕೊಳ್ಳುತ್ತಿದ್ದವು. ಹಾಗೆ ಮುಚ್ಚಿಕೊಂಡಾಗ ಹಾರುವುದು ನಿಂತುಹೋಗಿ ದೊಪ್ಪನೆ ಬೀಳುತ್ತಿದ್ದವು. ನಂಬದವರು ನಂಬದಿರಲಿ, ಬಿದ್ದ ಕಾಗೆಯನ್ನು ಎತ್ತಿ ನೀರು ಕುಡಿಸಿದವರು ಇನ್ನೂ ಬದುಕಿದ್ದಾರೆ.

ಓಣಿಯವರ ಗುರುತು ಎಂದರೆ ಕಪ್ಪು ಉಗುರು. ಕೆಲಸವೇ ಅಂಥದು. ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ತಗಡಿಗೆ ತಗಡು ಕೂಡಿಸುವ ಮೊಳೆ, ಮೆಣಸಿನಕಾಳಿನಷ್ಟು ದಪ್ಪದ ರಿವೆಟ್ಟು ಹಿಡಿಯಬೇಕು; ಬಲಗೈಯ ಸುತ್ತಿಗೆ ಬಂದು ಅದರ ತಲೆಯ ಮೇಲೆ ಬೀಳಬೇಕು. ಕಣ್ಣು ಒಂದು ಚೂರು ಅತ್ತ ಸರಿದರೆ ಸುತ್ತಿಗೆಗೆ ಹೆಬ್ಬೆರಳಿಗಿಂತ ಹತ್ತಿರದ ನೆಂಟನಿಲ್ಲ. ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟುತ್ತದೆ, ಮರುದಿನಕ್ಕೆ ಉಗುರು ಕಾಡಿಗೆಯ ಡಬ್ಬಿ. ಯಾರ ಉಗುರು ಕಪ್ಪಾಯಿತೋ ಅವರು ಇಡೀ ಓಣಿಗೆ ಚಹಾ ಕುಡಿಸಬೇಕು ಎಂಬುದು ಅಲ್ಲಿಯ ಕಾನೂನು. ಆ ಚಹಾ ಮುಗಿಯುವವರೆಗೆ ಅಷ್ಟೂ ಸುತ್ತಿಗೆಗಳು ನೆಲದ ಮೇಲೆ ಮಲಗುತ್ತಿದ್ದವು. ಹೊಸಬರು ಮೊದಲ ಉಗುರಿನ ಚಹಾ ಕುಡಿಸುವವರೆಗೆ ಹೊರಗಿನವರು. ಕುಡಿಸಿದ ಮೇಲೆ ಮನೆಯವರು.

ಈ ಚಹಾವನ್ನು ಜೀವಮಾನದಲ್ಲಿ ಒಮ್ಮೆಯೂ ಕುಡಿಸದೆ, ಕಂಡವರದ್ದೆಲ್ಲ ಕುಡಿದು ಅರಗಿಸಿಕೊಂಡವನು ಒಬ್ಬನೇ ಇದ್ದ. ಅವನಿಗೆ ತಂದೆತಾಯಿ ಇಟ್ಟ ಹೆಸರು ಅವನಿಗೇ ನೆನಪಿತ್ತೋ ಇಲ್ಲವೋ. ಓಣಿಗೆಲ್ಲ ಅವನು ಗುರಿಯಣ್ಣ. ಅವನ ಸುತ್ತಿಗೆ ನೊಣದ ಮೀಸೆ ಬೋಳಿಸಿ, ನೊಣಕ್ಕೆ ಎಚ್ಚರವಾಗುವ ಮೊದಲೇ ಹಿಂದಿರುಗುತ್ತದೆ ಎಂದು ಹೇಳುತ್ತಿದ್ದರು. ಒಂದು ಮೋಡದ ದಿನ ಕರೆಂಟು ಹೋಗಿ ಅಂಗಡಿಯೊಳಗೆ ಕತ್ತಲೆ ತುಂಬಿದಾಗಲೂ ಅವನು ಕೈ ನಿಲ್ಲಿಸದೆ ಎಂಟು ರಿವೆಟ್ಟು ಹೊಡೆದನಂತೆ. ದೀಪ ಬಂದ ಮೇಲೆ ನೋಡಿದರೆ ಒಂಬತ್ತು ಒಳಗೆ ಹೋಗಿವೆ. ಒಂಬತ್ತನೆಯದು ಅವನ ಹೆಸರು ಕೇಳಿಯೇ ಹೆದರಿ ತಾನಾಗಿ ಒಳಗೆ ಹೋಗಿತ್ತು.

ನೋಡಲು ಮಾತ್ರ ಮನುಷ್ಯ ಏನೇನೂ ಅಲ್ಲ. ಸಣಕಲು ಮೈ, ಮೆತ್ತನೆಯ ಮಾತು. ಓದು ತಲೆಗೆ ಹತ್ತಿರಲಿಲ್ಲ, ಮಕ್ಕಳಾಗಲಿಲ್ಲ, ಸಭೆಯಲ್ಲಿ ಕೂತರೆ ಕುರ್ಚಿ ಖಾಲಿ ಇದೆ ಎಂದು ತಿಳಿದು ಯಾರಾದರೂ ಅವನ ಮೇಲೇ ಕೂರಬೇಕು. ಅವನಿಗಿದ್ದ ಸಿರಿ ಎಂದರೆ ಎಡಗೈಯ ಹೆಬ್ಬೆರಳಿನ ಉಗುರು. ಸಂಜೆ ಕೆಲಸ ಮುಗಿಸಿ ಅದನ್ನು ಸೋಪು ಹಚ್ಚಿ ತೊಳೆಯುವಾಗ ಅವನ ಮುಖ ನೋಡಬೇಕಿತ್ತು. ಕಪ್ಪೆಚಿಪ್ಪಿನ ಒಳಮೈಯಂತೆ ಹೊಳೆಯುವ ಉಗುರು. ಓಣಿಯಲ್ಲಿ ಅಂಥದು ಇನ್ನೊಂದಿರಲಿಲ್ಲ.

ಅವನ ಹೆಂಡತಿಯನ್ನು ಎಲ್ಲರೂ ಅತ್ತಿಗೆ ಎನ್ನುತ್ತಿದ್ದರು. ಗಂಡ ಬಡಿದು ಮುಗಿಸಿದ ಟ್ರಂಕಿಗೆ ಬಣ್ಣ ಬಳಿದು ಮುಚ್ಚಳದ ಮೇಲೆ ಹೂವು ಬರೆಯುವುದು ಅವಳ ಪಾಲಿನ ಕೆಲಸ. ಅವಳು ಗುಲಾಬಿ ಬರೆದರೆ ಎಲೆಕೋಸಿನಂತೆ ಕಾಣುತ್ತಿತ್ತು. ಗಿರಾಕಿಗಳು ಎಲೆಕೋಸು ಎಂದೇ ಮೆಚ್ಚಿ ಒಯ್ಯುತ್ತಿದ್ದರು, ಅವಳೂ ತಿದ್ದಲು ಹೋಗುತ್ತಿರಲಿಲ್ಲ.

ಎದುರಿನ ಅಂಗಡಿ ಅತ್ತಿಗೆಯ ತಮ್ಮನದು. ಅವನು ಗಂಟಲಪ್ಪ. ಇಡೀ ಓಣಿಯ ಸುತ್ತಿಗೆಗಳನ್ನು ಒಂದೇ ಕೂಗಿನಲ್ಲಿ ಮುಳುಗಿಸುವ ಗಂಟಲು ಅವನದು. ಅವನು ಸೀನಿದರೆ ಮೂರು ಅಂಗಡಿಗಳಾಚೆಯ ಟ್ರಂಕುಗಳ ಮುಚ್ಚಳ ತೆರೆದುಕೊಳ್ಳುತ್ತಿದ್ದವು. ಎಡಚ ಬೇರೆ. ಎಡಗೈಯಲ್ಲಿ ಸುತ್ತಿಗೆ, ಬಲಗೈಯಲ್ಲಿ ರಿವೆಟ್ಟು. ಆ ಬಲಹೆಬ್ಬೆರಳಿಗೆ ಬಿದ್ದ ಏಟುಗಳಿಗೆ ಲೆಕ್ಕವಿಲ್ಲ. ತನ್ನ ಉಗುರಿನ ಅಸಲಿ ಬಣ್ಣ ಯಾವುದೆಂದು ಅವನು ಅಕ್ಕನನ್ನು ಕೇಳಿ ತಿಳಿದುಕೊಳ್ಳಬೇಕಿತ್ತು. ಓಣಿಗೆ ಅವನು ಕುಡಿಸಿದ ಚಹಾದಲ್ಲಿ ಒಂದು ದೋಣಿ ತೇಲಿಸಬಹುದಿತ್ತು.

ಒಂದು ಸಂಜೆ ಕೈ ತೊಳೆಯುವಾಗ ಗುರಿಯಣ್ಣನಿಗೆ ಉಗುರಿನ ಮೇಲೆ ಒಂದು ಗೆರೆ ಕಂಡಿತು. ಬುಡದಿಂದ ತುದಿಯವರೆಗೆ, ಪೆನ್ಸಿಲ್ಲಿನಲ್ಲಿ ಎಳೆದಂಥ ಕಂದು ಗೆರೆ. ಹೆಂಡತಿಯ ಬಣ್ಣ ತಾಗಿದೆ ಎಂದುಕೊಂಡು ಸೋಪು ಹಾಕಿ ಉಜ್ಜಿದ, ಹೋಗಲಿಲ್ಲ. ಸೀಮೆಎಣ್ಣೆ ಹಾಕಿ ಉಜ್ಜಿದ, ಹೋಗಲಿಲ್ಲ. ನೋವಿರಲಿಲ್ಲ, ತುರಿಕೆ ಇರಲಿಲ್ಲ. ತಿಂಗಳುಗಳು ಕಳೆದಂತೆ ಗೆರೆ ಅಗಲವಾಯಿತು, ಕಂದು ಹೋಗಿ ಕಪ್ಪಾಯಿತು. ಆಗ ಅವನಿಗೆ ಹೆದರಿಕೆ ಹುಟ್ಟಿತು, ಕಾಯಿಲೆಯದಲ್ಲ, ಓಣಿಯದು. ಕಪ್ಪು ಉಗುರು ಕಂಡರೆ ಓಣಿ ಏನೆನ್ನುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಕೂತ.

ಗಂಟಲಪ್ಪನ ಕಣ್ಣಿಗೆ ಅದು ಬೀಳಲು ಬಹಳ ಹೊತ್ತು ಹಿಡಿಯಲಿಲ್ಲ.

“ಏನ್ ಭಾವ, ಬೆರಳಿಗೆ ಕಂಬಳಿ ಹೊದ್ಸಿದೀರಿ? ಜ್ವರ ಬಂದಿದ್ಯಾ ಅದಕ್ಕೆ?”

“ತಗಡು ತಾಗ್ತು. ನಿನ್ನ ಕೆಲಸ ನೋಡು ಹೋಗು.”

“ತೋರ್ಸಿ, ತೋರ್ಸಿ. ನಾನೂ ಒಂದು ಊದು ಊದ್ತೀನಿ.”

ಬಟ್ಟೆ ಎಳೆದೇ ಬಿಟ್ಟ. ಕಪ್ಪು ಉಗುರು ಕಂಡಿತು. ಬೀದಿಯತ್ತ ತಿರುಗಿ ಕೂಗಿದ. “ಬನ್ರೋ ಎಲ್ಲಾ! ಸುತ್ತಿಗೆ ಕೆಳಗಿಡ್ರೋ! ಗುರಿಯಣ್ಣ ಗುರಿ ತಪ್ಪಿದಾರೆ!”

ಅಷ್ಟೂ ಸುತ್ತಿಗೆಗಳು ನಿಂತವು. ಟ್ರಂಕುಗಳಿಗೆ ಬೀಗ ಕೂರಿಸುವ ಹಣ್ಣುಹಣ್ಣು ಮುದುಕನೊಬ್ಬನಿದ್ದ, ಬೀಗದಜ್ಜ. ಅವನೂ ಕೋಲೂರಿಕೊಂಡು ಬಂದು ಉಗುರನ್ನು ನೋಡಿ, “ಇದನ್ನ ನೋಡ್ದೆ ಸಾಯಲ್ಲ ಅಂತ ಹಟ ಹಿಡಿದಿದ್ದೆ. ಇನ್ನು ನಾನು ಹೊರಡಬಹುದು” ಎಂದ.

“ನಾನು ಹೊಡ್ಕೊಂಡಿಲ್ಲ,” ಎಂದ ಗುರಿಯಣ್ಣ.

“ಎಲ್ರೂ ಮೊದಲು ಹಾಗೇ ಹೇಳೋದು ಭಾವ. ನಾನು ಬಾಗಿಲಿಗೆ ಸಿಕ್ತು ಅಂದಿದ್ದೆ.”

“ನೋವೇ ಇಲ್ಲ ಮಾರಾಯ. ಏಟು ಬಿದ್ದಿದ್ರೆ ನೋಯಬೇಕಲ್ವಾ?”

“ನಿಮ್ಮ ಏಟು ಅಂದ್ರೆ ಸುಮ್ನೇನಾ? ಬೆರಳಿಗೂ ತಿಳೀದ ಹಾಗೆ ಬಿದ್ದಿರುತ್ತೆ!”

ಓಣಿ ಬಿದ್ದು ಬಿದ್ದು ನಕ್ಕಿತು. ಅದರಲ್ಲಿ ಕೇಡಿರಲಿಲ್ಲ. ಎತ್ತರದಲ್ಲಿ ಒಂಟಿಯಾಗಿ ಕೂತಿದ್ದವನು ಕೊನೆಗೂ ಇಳಿದು ಪಕ್ಕದಲ್ಲಿ ಕೂತ ಎಂಬ ಸಂತೋಷವೇ ಹೆಚ್ಚಾಗಿತ್ತು. ಆದರೆ ಅದು ಒಂದು ದಿನದ ನಗುವಾಗಲಿಲ್ಲ. ಬೆಳಗ್ಗೆ ಅಂಗಡಿ ತೆರೆದರೆ “ಚಹಾ ಯಾವಾಗ ಗುರಿಯಣ್ಣ?”, ಮುಚ್ಚಿದರೆ “ನಾಳೆಯಾದ್ರೂ ಉಂಟಾ ಗುರಿಯಣ್ಣ?” ತಾನು ಹೊಡೆದುಕೊಂಡಿಲ್ಲ ಎಂದು ಅವನು ಹೇಳಿದಷ್ಟೂ ನಗು ದೊಡ್ಡದಾಯಿತು. ಬೇಸತ್ತು ಒಂದು ದಿನ ಅವನೇ ಚಹಾದವನನ್ನು ಕರೆದ.

“ಹೊಡ್ಕೊಂಡೆ. ಆಯ್ತಾ? ಕುಡೀರಿ ಎಲ್ರೂ.”

ಆ ದಿನ ಮನೆಯಲ್ಲಿ ಅತ್ತಿಗೆ ಕೇಳಿದಳು: “ರೀ, ನಿಜ್ವಾಗ್ಲೂ ಹೊಡ್ಕೊಂಡ್ರಾ?”

“ಇಷ್ಟು ಜನ ಹೇಳ್ತಿದಾರೆ. ಹೊಡ್ಕೊಂಡೇ ಇರ್ಬೇಕು.”

ಕೆಟ್ಟದ್ದು ಎಂದರೆ ಇದೇ. ಹೇಳಿ ಹೇಳಿ ಓಣಿ ನಂಬಿದ್ದನ್ನು ಅವನೂ ನಂಬಿದ. ರಿವೆಟ್ಟಿನ ಮುಂದೆ ಕೂತಾಗ ಸುತ್ತಿಗೆ ಎತ್ತಿದ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಲ್ಲತೊಡಗಿತು. ತನ್ನ ಕೈ ತನಗೆ ಸುಳ್ಳು ಹೇಳಿದೆಯೇನೋ ಎಂಬಂತೆ ಅದನ್ನು ನೋಡುತ್ತಿದ್ದ. ಮೂಲೆಯ ದವಾಖಾನೆಯ ಡಾಕ್ಟರು “ಏಟು ಬಿತ್ತಾ?” ಎಂದು ಕೇಳಿದಾಗಲೂ “ಬಿತ್ತು” ಎಂದೇ ಹೇಳಿದ. ಡಾಕ್ಟರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು, ಸಿಕ್ಕ ಉತ್ತರಕ್ಕೆ ತಕ್ಕ ಮುಲಾಮನ್ನೇ ಕೊಟ್ಟರು. ಗುರಿಯಣ್ಣ ಅದನ್ನು ಶ್ರದ್ಧೆಯಿಂದ ಹಚ್ಚಿಕೊಂಡ. ಒಂದು ವರ್ಷ ಹಾಗೇ ಹೋಯಿತು.

ಆಮೇಲೆ ಉಗುರು ನಡುವೆ ಸೀಳಿತು. ಸೀಳಿನಿಂದ ಆಗಾಗ ರಕ್ತ ಒಸರುತ್ತಿತ್ತು. ಉಗುರಿನ ಬುಡದ ಚರ್ಮಕ್ಕೂ ಕಪ್ಪು ಇಳಿದಿತ್ತು, ಶಾಯಿ ಚೆಲ್ಲಿದ ಹಾಗೆ. ಟ್ರಂಕಿನ ಮುಚ್ಚಳದ ಮೇಲೆ ಹೂವು ಬರೆಯುತ್ತಿದ್ದ ಅತ್ತಿಗೆಗೆ ಅಲ್ಲಲ್ಲಿ ರಕ್ತದ ಕಲೆ ಸಿಕ್ಕಿತು. ಅವಳು ಕುಂಚ ಕೆಳಗಿಟ್ಟು, “ಈಗ ಹೊರಡ್ತೀರೋ, ಇಲ್ಲ ನಿಮ್ಮನ್ನ ಇದೇ ಟ್ರಂಕಲ್ಲಿ ಹಾಕಿ ಹೊತ್ಕೊಂಡು ಹೋಗ್ಲೋ?” ಎಂದಳು. ಗಂಟಲಪ್ಪನೂ ಜೊತೆಗೆ ಹೊರಟ.

ದೊಡ್ಡಾಸ್ಪತ್ರೆಯ ಚರ್ಮದ ವಿಭಾಗದಲ್ಲಿ ಉದ್ದನೆಯ ಮರದ ಬೆಂಚು, ಅದರ ತುಂಬ ತುರಿಸಿಕೊಳ್ಳುವ ಜನ. ಬೆಂಚಿಗೂ ಕಜ್ಜಿ ಹತ್ತಿದೆ ಎಂದ ಗಂಟಲಪ್ಪ, ಬೆಂಚಿನವರೆಲ್ಲ ನಕ್ಕರು. ಒಳಗೆ ಡಾಕ್ಟರಮ್ಮ, ಕೈಯಲ್ಲಿ ಪುಟ್ಟ ದೀಪವಿದ್ದ ಒಂದು ಭೂತಗನ್ನಡಿ.

“ಸುತ್ತಿಗೆ ಏಟು ಡಾಕ್ಟ್ರೇ,” ಎಂದು ಗಂಟಲಪ್ಪನೇ ಶುರು ಮಾಡಿದ. “ನಮ್ಮ ಓಣೀಲಿ ಎಲ್ರಿಗೂ ಇದೆ. ನಂದೂ ನೋಡಿ ಬೇಕಾದ್ರೆ.”

ಡಾಕ್ಟರಮ್ಮ ಇಬ್ಬರ ಕೈಯನ್ನೂ ಮೇಜಿನ ಮೇಲೆ ಇಡಿಸಿಕೊಂಡು ಭೂತಗನ್ನಡಿಯಲ್ಲಿ ನೋಡಿದರು. ಗಂಟಲಪ್ಪನದ್ದನ್ನು ಬೇಗ ಬಿಟ್ಟರು. ಗುರಿಯಣ್ಣನದ್ದನ್ನು ಬಿಡಲೇ ಇಲ್ಲ.

“ನಿಮ್ಮದು ಏಟಿಂದೇ,” ಎಂದರು ಗಂಟಲಪ್ಪನಿಗೆ. “ಏಟಿನ ಕಲೆ ಉಗುರಿನ ಜೊತೆ ಮುಂದೆ ಹೋಗ್ತಾ ಹೋಗ್ತಾ ತುದಿಗೆ ಬಂದು ಹೊರಟುಹೋಗುತ್ತೆ. ಇವರದ್ದು ಹೋಗ್ತಾ ಇಲ್ಲ. ಬುಡದಲ್ಲಿ ಬೇರು ಬಿಟ್ಟಿದೆ. ಅಗಲ ಆಗಿದೆ, ಚರ್ಮಕ್ಕೂ ಬಂದಿದೆ.” ಆಮೇಲೆ ಗುರಿಯಣ್ಣನ ಕಡೆ ತಿರುಗಿ, “ನೀವೇ ಹೇಳಿ. ಈ ಬೆರಳಿಗೆ ಏಟು ಬಿದ್ದಿತ್ತಾ?”

ಗುರಿಯಣ್ಣ ಭಾವಮೈದನನ್ನು ನೋಡಿದ, ಹೆಂಡತಿಯನ್ನು ನೋಡಿದ. “ಇಲ್ಲ,” ಎಂದ.

“ನನಗೂ ಹಾಗೇ ಕಾಣುತ್ತೆ. ನೀವು ಹೊಡ್ಕೊಂಡಿಲ್ಲ.”

ಅವನ ಮುಖದಲ್ಲಿ ಹತ್ತು ದೀಪ ಹೊತ್ತಿಕೊಂಡವು. ಕುರ್ಚಿಯಲ್ಲಿ ನೆಟ್ಟಗಾಗಿ, ಮೆತ್ತನೆಯ ಮಾತಿನ ಆ ಮನುಷ್ಯ ಗಂಟಲಪ್ಪನಿಗಿಂತ ಜೋರಾಗಿ, “ಕೇಳಿಸ್ಕೊಂಡ್ಯೇನೋ? ಹೊಡ್ಕೊಂಡಿಲ್ಲ ಅಂತೆ! ಓಣೀಗೆಲ್ಲ ಹೇಳು ಹೋಗು!” ಎಂದ. ನಗುತ್ತ ಡಾಕ್ಟರಮ್ಮನ ಕಡೆ ತಿರುಗಿದ. ಅವರು ನಗುತ್ತಿರಲಿಲ್ಲ. ಅತ್ತಿಗೆಯೂ ನಗುತ್ತಿರಲಿಲ್ಲ. ತನ್ನ ಮಾತು ನಿಜವೆಂದು ಹೇಳಿದ ಬಾಯಿಯೇ ಇನ್ನೊಂದನ್ನೂ ಹೇಳಲಿದೆ ಎಂಬುದು ಆ ಕೋಣೆಯಲ್ಲಿ ಅವನೊಬ್ಬನಿಗೇ ತಿಳಿದಿರಲಿಲ್ಲ.

ಚರ್ಮದ ಕ್ಯಾನ್ಸರು ಎಂದರು. ಅದರಲ್ಲಿಯೂ ಕೆಟ್ಟ ಜಾತಿಯದು.

“ಅದು ಬಿಸಿಲಿಂದ ಬರೋದಲ್ವಾ?” ಎಂದಳು ಅತ್ತಿಗೆ. “ಇವರು ಬಿಸಿಲು ಕಂಡೋರೇ ಅಲ್ಲ. ಹುಟ್ಟಿದಾಗಿಂದ ಅಂಗಡಿ ಒಳಗೇ ಕೂತಿದಾರೆ.”

“ಬಿಳಿ ಚರ್ಮದವರಿಗೆ ಹೆಚ್ಚಾಗಿ ಬಿಸಿಲಿಂದ. ನಮ್ಮಂಥ ಬಣ್ಣದವರಿಗೆ ಇದು ಬಿಸಿಲು ಬೀಳದ ಕಡೆ ಬಂದು ಕೂರುತ್ತೆ. ಅಂಗಾಲು, ಅಂಗೈ, ಉಗುರಿನ ಕೆಳಗೆ. ಉಗುರಲ್ಲಿ ಗೆರೆ ಇರೋರೆಲ್ಲ ಹೆದರಬೇಕಾಗಿಲ್ಲ, ಎಷ್ಟೋ ಜನಕ್ಕೆ ಹುಟ್ಟುಬಣ್ಣ ಅದು. ಆದ್ರೆ ಇದ್ದಕ್ಕಿದ್ದಂತೆ ಒಂದೇ ಬೆರಳಿಗೆ ಬಂದು ಅಗಲ ಆಗ್ತಾ ಹೋದ್ರೆ ಕೂಡ್ಲೇ ತೋರಿಸ್ಬೇಕು.” ಅವರು ಭೂತಗನ್ನಡಿಯ ದೀಪ ಆರಿಸಿದರು. “ಒಂದು ವರ್ಷ ಮೊದಲು ಬಂದಿದ್ರೆ...” ಎಂದು ಶುರು ಮಾಡಿದ ಮಾತನ್ನು ಮುಗಿಸಲಿಲ್ಲ.

ಗಂಟಲಪ್ಪ ಎದ್ದು ಹೊರಗೆ ಹೋದ. ಬೆಂಚಿನ ಜನ ಇನ್ನೊಂದು ತಮಾಷೆ ಬರುತ್ತದೆಂದು ಅವನ ಬಾಯಿ ನೋಡಿದರು. ಅವನು ಗೋಡೆಗೆ ಮುಖ ಮಾಡಿ ನಿಂತ.

ಮೊದಲು ಖಾತ್ರಿಗೆಂದು ಉಗುರಿನ ಬುಡದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ಮೇಲೆ ಹೆಬ್ಬೆರಳನ್ನು ಮೇಲಿನ ಗೆಣ್ಣಿನವರೆಗೆ ತೆಗೆಯಬೇಕು ಎಂದರು. ಕಂಕುಳಿನಿಂದ ಒಂದು ಗಂಟನ್ನೂ ತೆಗೆದು, ರೋಗ ಅಲ್ಲಿಯವರೆಗೆ ನಡೆದಿದೆಯೇ ಎಂದು ನೋಡಬೇಕು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮಲಗಿದ ಗುರಿಯಣ್ಣ, ಮುಖವಾಡ ಕಟ್ಟಿಕೊಂಡಿದ್ದ ಸರ್ಜನ್ನರನ್ನು ಕೇಳಿದನಂತೆ: “ಸಾರ್, ನಿಮ್ಮ ಕೈ ಗುರಿ ಹೇಗೆ?”

“ಇಲ್ಲಿ ತನಕ ತಪ್ಪಿಲ್ಲ.”

“ಹಾಗಾದ್ರೆ ಒಂದು ಮಾತು. ಯಾರಾದ್ರೂ ತಪ್ಪಿದೆ ಅಂದ್ರೆ ಒಪ್ಕೋಬೇಡಿ. ಎಷ್ಟು ಜನ ಹೇಳಿದ್ರೂ ಒಪ್ಕೋಬೇಡಿ.”

ಸರ್ಜನ್ನರ ಗುರಿ ತಪ್ಪಲಿಲ್ಲ. ಬೆರಳಿನ ಗಾಯ ಚೆನ್ನಾಗಿ ಕೂಡಿಕೊಂಡಿತು, ಹೊಲಿಗೆ ನೋಡಿದರೆ ಅತ್ತಿಗೆಯ ಗುಲಾಬಿಗಿಂತ ಅಂದವಾಗಿತ್ತು. ಕಂಕುಳಿನ ಗಂಟಿನಲ್ಲಿ ಮಾತ್ರ ರೋಗ ಆಗಲೇ ಬಂದು ಮನೆ ಮಾಡಿತ್ತು. ಉಳಿದ ಗಂಟುಗಳನ್ನೂ ತೆಗೆದರು, ಔಷಧಿ ಹಿಡಿಸಿದರು. ಎಷ್ಟು ದಿನ ಎಂದು ಗುರಿಯಣ್ಣ ಕೇಳಲಿಲ್ಲ. ಅತ್ತಿಗೆ ಕೇಳಿದಳು, ಕೇಳಿಸಿಕೊಂಡದ್ದನ್ನು ಯಾರಿಗೂ ಹೇಳಲಿಲ್ಲ.

ಓಣಿಗೆ ವಾಪಸಾದಾಗ ಯಾರಿಗೂ ಅವನ ಮುಖ ನೋಡಲಾಗಲಿಲ್ಲ. ಬೀಗದಜ್ಜ ಬಂದು, “ನೀನು ಹೊಡ್ಕೊಂಡಿರ್ಲಿಲ್ಲ ಅಂತಲ್ಲಪ್ಪಾ” ಎಂದ.

“ಇಲ್ಲ ಅಜ್ಜ.”

“ಹೂಂ” ಎಂದ ಮುದುಕ, ಕೋಲೂರಿಕೊಂಡು ಹೋದ.

ಮೊಂಡು ಹೆಬ್ಬೆರಳಿಗೆ ರಿವೆಟ್ಟು ನಿಲ್ಲುತ್ತಿರಲಿಲ್ಲ. ಹಿಡಿದರೆ ಜಾರುತ್ತಿತ್ತು. ಇಕ್ಕಳದಲ್ಲಿ ಹಿಡಿದು ನೋಡಿದ, ಇಕ್ಕಳ ಅದುರಿ ರಿವೆಟ್ಟು ಸಿಡಿದು ಬೀದಿಗೆ ಹೋಯಿತು. ಎದುರಿನ ಅಂಗಡಿಯಿಂದ ಇದನ್ನು ನೋಡುತ್ತಿದ್ದ ಗಂಟಲಪ್ಪ ತನ್ನ ಸುತ್ತಿಗೆ ಬಿಟ್ಟು ಬೀದಿ ದಾಟಿ ಬಂದ, ಬಿದ್ದ ರಿವೆಟ್ಟು ಎತ್ತಿಕೊಂಡ, ಭಾವನ ಎದುರು ಕುಕ್ಕರಗಾಲಿನಲ್ಲಿ ಕೂತ. ಏಟು ತಿಂದು ತಿಂದು ಹಿಡಿತ ಸಡಿಲಾಗಿದ್ದ ಬಲಗೈಯಿಂದ ತಗಡನ್ನು ಒತ್ತಿ ಹಿಡಿದು, ಎಡಗೈಯ ಬೆರಳುಗಳಲ್ಲಿ ರಿವೆಟ್ಟು ನಿಲ್ಲಿಸಿದ.

“ಹೊಡೀರಿ ಭಾವ.”

“ಅದು ನಿನ್ನ ಸುತ್ತಿಗೆ ಕೈ ಕಣೋ. ಬೇಡ. ನಿನ್ನ ಅಂಗಡಿ ಯಾರು ನೋಡ್ತಾರೆ?”

“ನನ್ನ ಅಂಗಡೀನ ಕಳ್ಳನೂ ನೋಡಲ್ಲ. ನನ್ನ ಟ್ರಂಕು ಕದಿಯೋಕೆ ಬಂದೋನು ಅದರ ಅಂಕುಡೊಂಕು ನೋಡಿ ಅಯ್ಯೋ ಪಾಪ ಅಂತ ಇನ್ನೊಂದು ಟ್ರಂಕು ಇಟ್ಟು ಹೋಗ್ತಾನೆ. ಹೊಡೀರಿ.”

ಗುರಿಯಣ್ಣ ಹೊಡೆದ. ಸುತ್ತಿಗೆ ರಿವೆಟ್ಟಿನ ನೆತ್ತಿಯ ಮೇಲೇ ಬಿತ್ತು. ಗಂಟಲಪ್ಪ ಕಣ್ಣು ಮುಚ್ಚಿಕೊಂಡಿರಲಿಲ್ಲ, ಕೈ ಎಳೆದುಕೊಂಡಿರಲಿಲ್ಲ. ಇನ್ನೊಂದು ರಿವೆಟ್ಟು ನಿಲ್ಲಿಸಿದ. ಗುರಿಯಣ್ಣ ಮತ್ತೆ ಹೊಡೆದ. ತಾನು ಹೊಡೆದುಕೊಂಡಿರಲಿಲ್ಲ ಎಂಬುದು ಈಗ ಗೊತ್ತಾಗಿತ್ತಲ್ಲ. ಗಾಳಿಯಲ್ಲಿ ನಿಲ್ಲುತ್ತಿದ್ದ ಕೈ ಈಗ ನಿಲ್ಲಲಿಲ್ಲ. ಹೊಳೆಯ ನೀರಿನಂತೆ ಬಂತು ಏಟು. ಆಮೇಲಿನ ತಿಂಗಳುಗಳಲ್ಲಿ ಆ ಇಬ್ಬರೂ ಕೂಡಿ ಮಾಡಿದಷ್ಟು ಟ್ರಂಕು ಲೋಕದಲ್ಲಿ ಯಾರೂ ಮಾಡಿರಲಾರರು; ಅವುಗಳಲ್ಲಿ ತುಂಬಿಡುವಷ್ಟು ಬಟ್ಟೆ ನೇಯಲು ಮಗ್ಗಗಳು ಸಾಲದೆ ಹೋದವು. ಗಂಟಲಪ್ಪನ ಎಡಹೆಬ್ಬೆರಳಿಗೆ ಒಂದು ಗೀರೂ ಬೀಳಲಿಲ್ಲ. ಆದರೆ ಅವನ ಗಂಟಲಿನ ಸದ್ದು ಓಣಿಗೆ ಕೇಳುತ್ತಿರಲಿಲ್ಲ.

ಮುಂದಿನ ವರ್ಷ ಗುರಿಯಣ್ಣನಿಗೆ ಕೆಮ್ಮು ಹತ್ತಿತು. ಆಮೇಲೆ ತಲೆನೋವು. ಆಮೇಲೆ ಬಲಗೈ ಆಗಾಗ ಮರಗಟ್ಟಿ, ಹಿಡಿದದ್ದು ಹಿಡಿದಂತೆ ಅನಿಸದಾಯಿತು. ಯಂತ್ರದಲ್ಲಿ ಮಲಗಿಸಿ ಚಿತ್ರ ತೆಗೆದು ನೋಡಿದರು: ಎದೆಗೂ ಹೋಗಿದೆ, ತಲೆಗೂ ಹೋಗಿದೆ. ಇನ್ನು ಕತ್ತರಿಸಿ ತೆಗೆಯುವ ಮಾತಿಲ್ಲ ಎಂದರು. ಮನೆಯಲ್ಲಿ ಮಲಗಿರಿ ಎಂದು ಅತ್ತಿಗೆ ಅಂಗಲಾಚಿದಳು. “ಮಲಗಿ ಏನು ಮಾಡ್ಲಿ? ಸೂರಿನ ಹಂಚು ಎಣಿಸ್ಲಾ?” ಎಂದು ಅವನು ಅಂಗಡಿಗೇ ಬಂದ.

ಒಂದು ಮಧ್ಯಾಹ್ನ ದೊಡ್ಡ ಟ್ರಂಕೊಂದರ ಮೂಲೆ ಕೂಡಿಸುತ್ತಿದ್ದರು. ಎತ್ತಿದ ಸುತ್ತಿಗೆ ಇಳಿಯುವಾಗ ಕೂದಲೆಳೆಯಷ್ಟು ವಾಲಿತು. ಗಂಟಲಪ್ಪ ಅದನ್ನು ನೋಡಿದ. ಕೈ ತೆಗೆಯಬಹುದಿತ್ತು, ತೆಗೆದರೆ ಭಾವನಿಗೆ ತಿಳಿಯುತ್ತಿತ್ತು. ತೆಗೆಯಲಿಲ್ಲ.

ಮುಳ್ಳು ಚುಚ್ಚಿದರೆ ಊರು ಸೇರಿಸುತ್ತಿದ್ದ ಮನುಷ್ಯ. ಅವನ ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು, ಕಣ್ಣಲ್ಲಿ ನೀರು ಧುಮುಕಿತು, ಬಾಯಿ ಮಾತ್ರ ತೆರೆಯಲಿಲ್ಲ.

ಗುರಿಯಣ್ಣ ತಲೆಯೆತ್ತಿದ. ಮರಗಟ್ಟಿದ ಕೈಗೆ ಏಟು ಎಲ್ಲಿ ಬಿತ್ತೆಂದು ತಿಳಿದಿರಲಿಲ್ಲ. “ಸದ್ದು ಬೇರೆ ಥರ ಬಂತಲ್ಲೋ?”

“ತಗಡು ಸಡಿಲ ಇತ್ತು ಭಾವ. ಇನ್ನೊಂದು ಹೊಡೀರಿ.”

ಮೂಲೆಯಲ್ಲಿ ಬಣ್ಣ ಬಳಿಯುತ್ತಿದ್ದ ಅತ್ತಿಗೆ ಎಲ್ಲವನ್ನೂ ನೋಡಿದ್ದಳು. ಗಂಡ ನೀರು ಕುಡಿಯಲು ಒಳಗೆ ಹೋದಾಗ ತಮ್ಮನ ಹತ್ತಿರ ಬಂದು, ಮಾತಿಲ್ಲದೆ ಅವನ ಎಡಗೈ ಹಿಡಿದಳು. ಕೆಂಪು ಬಣ್ಣದಲ್ಲಿ ಕುಂಚ ಅದ್ದಿ ಆ ಉಗುರಿನ ಮೇಲೆ ಬಳಿದಳು. ಮೇಲೊಂದು ಪದರ ಮತ್ತೆ ಬಳಿದಳು. ತಮ್ಮ “ಮೆಲ್ಲಗೆ ಅಕ್ಕಾ” ಎಂದ.

ಮರುದಿನದಿಂದ ಗಂಟಲಪ್ಪನ ಉಗುರು ಓಣಿಗೆ ಹೊಸ ತಮಾಷೆಯಾಯಿತು. ಗುರಿಯಣ್ಣನೂ ಕೇಳಿದ: “ಏನೋ ಇದು, ಮದುಮಗಳಾಗಿದೀಯಾ?”

“ಅಕ್ಕನ ಕುಂಚ ತಾಗ್ತು ಭಾವ. ಬಿಡ್ತಾನೇ ಇಲ್ಲ.”

ಕೆಲವು ವಾರಗಳಲ್ಲಿ ಗುರಿಯಣ್ಣನಿಗೆ ಸುತ್ತಿಗೆ ಎತ್ತಲೂ ಆಗದಾಯಿತು. ಅಂಗಡಿಯ ಮೂಲೆಯಲ್ಲಿ ಕೂತು ಹೆಂಡತಿಯ ಕುಂಚಗಳನ್ನು ಟರ್ಪೆಂಟೈನಿನಲ್ಲಿ ತೊಳೆದು ಕೊಡುತ್ತಿದ್ದ. ಒಂದು ಬೆಳಗ್ಗೆ ಗಂಟಲಪ್ಪ ಪಕ್ಕದಲ್ಲಿ ಬಂದು ಕೂತಾಗ, ಅಕ್ಕರೆಯಿಂದ ಅವನ ಕೈ ಎಳೆದುಕೊಂಡು, “ಬಾ, ಈ ಬಣ್ಣ ತೆಗೀತೀನಿ. ನೋಡೋಕಾಗಲ್ಲ” ಎಂದು ಒದ್ದೆ ಬಟ್ಟೆಯಿಂದ ಒರೆಸಿಯೇಬಿಟ್ಟ. ಕೆಂಪು ಹೋಯಿತು. ಕೆಳಗಿನ ಕಪ್ಪು ಕಂಡಿತು.

ಗುರಿಯಣ್ಣನ ಕೈಯಿಂದ ಬಟ್ಟೆ ಬಿತ್ತು.

“ಯಾವಾಗಿಂದ ಇದು?”

“ಹೊಡ್ಕೊಂಡೆ ಭಾವ.”

“ನೀನು ಎಡಚ. ಇದು ಎಡಗೈ. ಎಡಗೈಲಿ ಸುತ್ತಿಗೆ ಹಿಡಿದು ಎಡಗೈಗೇ ಹೊಡ್ಕೊಳ್ಳೋಕೆ ನೀನೇನು ದೆವ್ವಾನಾ?”

“ಬಾಗಿಲಿಗೆ ಸಿಕ್ತು...”

“ಸುಳ್ಳು ಬೊಗಳ್ಬೇಡ! ಏಟೇ ಬೀಳದೆ ಬಿತ್ತು ಅಂತ ಒಪ್ಕೊಂಡು ಕೂತವನು ನಾನು. ನನ್ನ ಮುಂದೆ ಹೇಳ್ಬೇಡ ಅದನ್ನ!” ಗುರಿಯಣ್ಣ ಆ ಕೈಯನ್ನು ಬೆಳಕಿಗೆ ಎಳೆದ. “ಬಣ್ಣ ಬಳ್ಕೊಂಡು ಮುಚ್ಚಿಟ್ಟಿದೀಯಲ್ಲೋ. ನಾನು ಬಟ್ಟೆ ಸುತ್ಕೊಂಡ ಹಾಗೆ. ಏಳು, ಆಸ್ಪತ್ರೆಗೆ ಏಳು.”

ತನ್ನ ಸುತ್ತಿಗೆಯೇ ಆ ಕೆಲಸ ಮಾಡಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆದೀತು? ಏಟು ಬಿದ್ದಿಲ್ಲವೆಂದ ಮೇಲೆ ಉಳಿದದ್ದು ಒಂದೇ, ಅದು ಯಾವುದೆಂದು ಅವನ ಮೈಗೆ ಗೊತ್ತಿತ್ತು. ಗಂಟಲಪ್ಪ ಅಕ್ಕನ ಮುಖ ನೋಡಿದ. ನಿಜ ಹೇಳಿದರೆ ಒಂದು ಸಂಕಟ, ಹೇಳದಿದ್ದರೆ ಇನ್ನೊಂದು. ಅಷ್ಟರಲ್ಲಿ, ನಾಲ್ಕು ಹೆಜ್ಜೆ ನಡೆದರೆ ಕೂರಬೇಕಿದ್ದ ಮನುಷ್ಯ ಗೋಡೆ ಹಿಡಿದು ಬೀದಿಗೆ ಇಳಿದಾಗಿತ್ತು.

ಡಾಕ್ಟರಮ್ಮ ಗುರಿಯಣ್ಣನನ್ನು ಕಂಡೊಡನೆ ಎದ್ದು ಬಂದರು. ಅವನು ಕುರ್ಚಿಗೆ ಕೂರಲೂ ಒಪ್ಪಲಿಲ್ಲ. “ನನ್ನದು ಬಿಡಿ ತಾಯಿ. ಇವನದ್ದು ನೋಡಿ ಮೊದಲು. ನನ್ನ ಥರ ತಡ ಆಗೋದು ಬೇಡ. ಬೆರಳು ತೆಗೀಬೇಕಾದ್ರೆ ಇವತ್ತೇ ತೆಗೆದುಬಿಡಿ.”

ಭೂತಗನ್ನಡಿಯ ದೀಪ ಹೊತ್ತಿತು. ಅವರು ಆ ಕಡೆಯಿಂದ ಈ ಕಡೆಯಿಂದ ತಿರುಗಿಸಿ ನೋಡಿದರು. ಗುರಿಯಣ್ಣ ಮೇಜಿನ ಅಂಚು ಹಿಡಿದು ನಿಂತಿದ್ದ.

“ಏಟು ಬಿದ್ದದ್ದು ಇದು,” ಎಂದರು. “ರಕ್ತ ಹೆಪ್ಪುಗಟ್ಟಿದೆ, ಅಷ್ಟೇ. ಬುಡದಲ್ಲಿ ಆಗ್ಲೇ ಬಿಳಿ ಉಗುರು ಬರ್ತಿದೆ ನೋಡಿ.”

“ಖಂಡಿತಾನಾ?”

“ಖಂಡಿತ.”

“ಆವತ್ತು ನನಗೆ ಹೇಳಿದ್ರಲ್ಲ, ಅಷ್ಟೇ ಖಂಡಿತಾನಾ?”

ಡಾಕ್ಟರಮ್ಮ ಭೂತಗನ್ನಡಿಯ ದೀಪ ಆರಿಸಿ, “ಅಷ್ಟೇ ಖಂಡಿತ” ಎಂದರು.

ಈಗ ಅವನು ಕೂತ. ಭಾವಮೈದನ ಎಡಗೈಯನ್ನು ನೋಡಿದ. ಆ ಕೈಗೆ ಅವನ ಸ್ವಂತ ಸುತ್ತಿಗೆ ತಾಗುವಂತಿಲ್ಲ. ಆ ಕೈ ಇಷ್ಟು ತಿಂಗಳು ಇದ್ದದ್ದು ಒಂದೇ ಸುತ್ತಿಗೆಯ ಕೆಳಗೆ. ನಿಧಾನವಾಗಿ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ.

“ನಾನಾ?”

ಗಂಟಲಪ್ಪ ಹೌದೆಂದು ತಲೆಯಾಡಿಸಿದ.

“ಯಾವತ್ತೋ?”

“ಆ ದೊಡ್ಡ ಟ್ರಂಕಿನ ಮೂಲೆ ಹೊಡೀತಿದ್ವಲ್ಲ ಭಾವ, ಆವತ್ತು.”

“ತಗಡು ಸಡಿಲ ಅಂದಿದ್ದೆ.”

“ಅಂದಿದ್ದೆ.”

“ಕೂಗ್ಲಿಲ್ವಲ್ಲೋ ನೀನು.”

“ಗಂಟಲು ಕಟ್ಟಿತ್ತು ಭಾವ.”

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡನ ಹತ್ತಿರ ಉಳಿದಿದ್ದ ಒಂದೇ ಒಂದು ಸಿರಿ, ಆ ತಪ್ಪದ ಗುರಿ, ಈ ಕೋಣೆಯಲ್ಲಿ ಹೋಯಿತು ಎಂದುಕೊಂಡಳು. ಗುರಿಯಣ್ಣ ಮುಂದಕ್ಕೆ ಬಾಗಿ, ಮೊಂಡು ಹೆಬ್ಬೆರಳಿನ ಕೈಯಿಂದ ಗಂಟಲಪ್ಪನ ಕಪ್ಪು ಉಗುರನ್ನು ಮುಟ್ಟಿದ, ಹಸುಗೂಸಿನ ನೆತ್ತಿ ಮುಟ್ಟುವ ಹಾಗೆ.

“ಸದ್ಯ,” ಎಂದ. “ಸದ್ಯ ಕಣೋ. ನಾನು ಹೊಡೆದದ್ದು. ನಾನೇ ಹೊಡೆದದ್ದು. ಸದ್ಯ.”

ಹೊರಗೆ ಬಂದಾಗ ಬೆಂಚಿನ ಮೇಲೆ ಅದೇ ತುರಿಸಿಕೊಳ್ಳುವ ಜನ. ಗುರಿಯಣ್ಣ ಒಬ್ಬೊಬ್ಬರ ಮುಂದೆಯೂ ನಿಂತ. ಗುರುತು ಪರಿಚಯವಿಲ್ಲದವರಿಗೆ ಭಾವಮೈದನ ಕೈ ಎತ್ತಿ ತೋರಿಸಿ, “ಏನೂ ಇಲ್ಲವಂತೆ. ಬರೀ ಏಟು. ನನ್ನ ಗುರಿ ತಪ್ತು ನೋಡಿ, ಇವನಿಗೆ ಬಿತ್ತು” ಎಂದು ಹೇಳಿದ. ನರ್ಸಮ್ಮನಿಗೆ ಹೇಳಿದ, ನೆಲ ಒರೆಸುತ್ತಿದ್ದವಳಿಗೆ ಹೇಳಿದ. ಓಣಿಗೆ ಬಂದ ಮೇಲೆ, ಉಸಿರು ಸಾಲದಿದ್ದರೂ, ಅಂಗಡಿ ಅಂಗಡಿಗೂ ನಿಂತು ಹೇಳಿದ. ಸುತ್ತಿಗೆ ನಿಲ್ಲಿಸಿ ಕೇಳಿದವರಲ್ಲಿ ನಕ್ಕವರು ಒಬ್ಬರೂ ಇರಲಿಲ್ಲ.

ಆಮೇಲೆ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಗಂಟಲಪ್ಪ ಪ್ರತಿ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಬಂದು ಹಾಸಿಗೆಯ ಪಕ್ಕದಲ್ಲಿ ಕೈ ಚಾಚುತ್ತಿದ್ದ. ಗುರಿಯಣ್ಣ ಕಲೆ ಎಷ್ಟು ಮುಂದೆ ಸರಿದಿದೆ ಎಂದು ನೋಡುತ್ತಿದ್ದ. “ಹೋಗ್ತಿದೆ ನೋಡೋ. ನಡೀತಿದೆ ಅದು. ನನ್ನದು ನಡೀಲೇ ಇಲ್ಲ.” ಕೊನೆಕೊನೆಗೆ ಕಣ್ಣು ಮಂಜಾಗಿ ಏನೂ ಕಾಣದಾದಾಗ “ಎಲ್ಲಿಗೆ ಬಂತು?” ಎಂದು ಹೆಂಡತಿಯನ್ನು ಕೇಳುತ್ತಿದ್ದ. ಅವಳು ತಮ್ಮನ ಉಗುರನ್ನು ಕಿಟಕಿಯ ಬೆಳಕಿಗೆ ಹಿಡಿದು, “ಅರ್ಧ ದಾಟ್ತು ರೀ” ಎನ್ನುತ್ತಿದ್ದಳು. ಅಷ್ಟು ಕೇಳಿದರೆ ಅವನ ಮುಖ ಸಡಿಲವಾಗುತ್ತಿತ್ತು.

ಒಂದು ಬೆಳಗ್ಗೆ ಗಂಟಲಪ್ಪ ಎಂದಿನಂತೆ ಬಂದು ಕೈ ಚಾಚಿ ನಿಂತ. ಹಾಸಿಗೆಯಿಂದ ಯಾರೂ “ಎಲ್ಲಿಗೆ ಬಂತು?” ಎಂದು ಕೇಳಲಿಲ್ಲ. ಅವನು ಕೈ ಇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಅಕ್ಕ ಎದ್ದು ಬಂದು, ಆ ಕೈಯನ್ನು ಹಿಡಿದು ಕಿಟಕಿಯ ಹತ್ತಿರ ಒಯ್ದು ನೋಡಿದಳು. ಆಮೇಲೆ ಹಾಸಿಗೆಯ ಕಡೆ ತಿರುಗಿ, “ಇನ್ನು ಸ್ವಲ್ಪವೇ ಇದೆ ರೀ” ಎಂದಳು.